ಬೆಳ್ಳಿಯನ್ನು ಉಜ್ಜಿ ಸವೆಸಬೇಡಿ

ಹಬ್ಬದ ಹಿಂದಿನ ದಿನ ಕಲಶ, ದೀಪ, ಪಂಚಪಾತ್ರೆ ತೊಳೆಯುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಅಜ್ಜಿಯ ಕಾಲದ ಕುಂಕುಮ ಭರಣಿಯೊಂದಿದೆ. ಅದರ ಮುಚ್ಚಳದ ಮೇಲಿನ ಬಳ್ಳಿಯಲ್ಲಿ ಎಲೆಗಳ ಗೆರೆ ಅಳಿಸಿಹೋಗಿದೆ. ಬೆರಳಾಡಿಸಿದರೆ ದಂಟು ಮಾತ್ರ ಸಿಗುತ್ತದೆ. ಅಷ್ಟು ವರ್ಷ ತಿಕ್ಕಿದ್ದರ ಫಲ ಅದು.

ಬೆಳ್ಳಿಯ ಮೇಲಿನ ಕಪ್ಪು ಬರಿಯ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳು ತಾಗಿ ಮೇಲ್ಮೈ ಸಿಲ್ವರ್ ಸಲ್ಫೈಡ್ ಆಗಿರುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಆ ಕಪ್ಪಿನೊಳಗಿನ ಬೆಳ್ಳಿಯೂ ನೀರಿನೊಂದಿಗೆ ಹರಿದುಹೋಗುತ್ತದೆ, ಜೊತೆಗೆ ಗೀರು ಬೀಳುತ್ತದೆ. ವಿಭೂತಿ ಮೃದು, ನಿಜ. ಆದರೂ ಸವೆತ ತಪ್ಪದು.

ಮೊದಲು ಎಣ್ಣೆಜಿಡ್ಡನ್ನು ಬಿಸಿನೀರು, ಸಾಬೂನಿನಿಂದ ತೊಳೆಯಿರಿ. ದೀಪಗಳಿಗೆ ಇದು ಬಹಳ ಮುಖ್ಯ, ಜಿಡ್ಡಿದ್ದರೆ ಮುಂದಿನದು ನಡೆಯುವುದಿಲ್ಲ. ಗಾಜಿನ ಅಥವಾ ಪಿಂಗಾಣಿ ಬೋಗುಣಿಯೊಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಡಿ. ಲೀಟರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು ಬೆರೆಸಿದ ಕುದಿನೀರನ್ನು ನಿಧಾನವಾಗಿ ಸುರಿಯಿರಿ. ಕಿಟಕಿ ತೆರೆದಿರಲಿ: ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದು ಬೆಳ್ಳಿಯನ್ನು ಬಿಟ್ಟು ಹೊರಟ ಗಂಧಕ. ಕೆಲವು ನಿಮಿಷಗಳಲ್ಲಿ ಫಾಯಿಲ್ ಮಂಕಾಗುತ್ತದೆ, ಪಾತ್ರೆ ಬೆಳ್ಳಗಾಗುತ್ತದೆ. ಕಪ್ಪಿನಲ್ಲಿದ್ದ ಬೆಳ್ಳಿ ಬಹುಪಾಲು ಪಾತ್ರೆಯ ಮೇಲೆಯೇ ಉಳಿಯುತ್ತದೆ. ಈ ವಿಧಾನವನ್ನು ನಾನು ಮೆಚ್ಚುವುದು ಇದಕ್ಕೇ. ಉಪ್ಪಿನಂಶ ಉಳಿಯದಂತೆ ಚೆನ್ನಾಗಿ ತೊಳೆದು, ಹಳೆಯ ಹತ್ತಿಬಟ್ಟೆಯಿಂದ ಒರೆಸಿ.

ಎಲ್ಲವನ್ನೂ ಹೀಗೆ ಮುಳುಗಿಸಬೇಡಿ. ಹರಳು ಕೂರಿಸಿದ, ಒಳಗೆ ಅರಗು ತುಂಬಿದ ಒಡವೆಗಳು ಬೇಡ. ಕೆತ್ತನೆಯ ಸಂದಿನಲ್ಲಿ ಅಕ್ಕಸಾಲಿಗರು ಬೇಕೆಂದೇ ಕಪ್ಪು ಹಿಡಿಸಿದ್ದರೆ ಅದೂ ಹೋಗಿಬಿಡುತ್ತದೆ. ಬೀದರಿನ ಬಿದ್ರಿ ಪಾತ್ರೆಯಂತೂ ಖಂಡಿತ ಬೇಡ. ಅದು ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿದ್ದು. ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿ ತಂದ ಆ ಕಪ್ಪೇ ಅದರ ಜೀವ. ಒಣಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು.

ಹೊಸದು ಕೊಳ್ಳುವಾಗ 925 ಎಂಬ ಮುದ್ರೆ ಕಂಡರೆ ನೂರರಲ್ಲಿ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಶುದ್ಧ ಬೆಳ್ಳಿ ತೀರಾ ಮೃದು, ತಾಮ್ರ ಸೇರಿದರೆ ಗಟ್ಟಿ.

ಎತ್ತಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಉಣ್ಣೆಬಟ್ಟೆಯಲ್ಲಿ ಸುತ್ತಬೇಡಿ, ಎರಡರಲ್ಲೂ ಗಂಧಕವಿರುತ್ತದೆ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಿ.