‘ಪೌಂಡ್’ ಎನ್ನುತ್ತಿದ್ದ ನೋಟ್ಸು ಕೊನೆಗೂ ಕನ್ನಡ ಓದಿತು

ಕಣ್ಣು ಕಾಣದ ಬಿಎ ವಿದ್ಯಾರ್ಥಿಗಳ ನೋಟ್ಸಿನ ಮೇಲೆ ಪಿಎಚ್‌ಡಿ ಮಾಡುತ್ತೇನೆ ಎಂದಾಗ ಧಾರವಾಡದಲ್ಲಿ ನನಗೆ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ. “ಅದರಾಗ ಸಂಶೋಧನೆ ಏನೈತಿ? ಓದಿ ರೆಕಾರ್ಡ್ ಮಾಡಿ ಕೊಟ್ರಾತು.” ಈಗ ಅದೇ ಮಂದಿ ತಮ್ಮ ಕಾಲೇಜಿನ ಹುಡುಗರಿಗೆ ಫೈಲ್ ಬೇಕು ಅಂತ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎನ್‌ವಿಡಿಎ (ಕಂಪ್ಯೂಟರ್ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ), ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಿನಲ್ಲಿ ಅದೇ ಕೆಲಸ ಮಾಡುವಂಥದ್ದು) ಬಳಸಿ ಗೊತ್ತಿದ್ದವರಿಗೆ ಇದು. ಅವನ್ನು ಬಳಸುವುದು ಹೇಗೆ ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಮೊದಲು ನಾನೂ ರೆಕಾರ್ಡಿಂಗ್ ಮಾಡಿಸಿದೆ. ಮೈಕ್, ಮೆಮೊರಿ ಕಾರ್ಡ್, ಓದಿದ ಬಿಎಡ್ ಹುಡುಗ ಹುಡುಗಿಯರಿಗೆ ಚಹಾ ಗಿರಮಿಟ್ಟು ಸೇರಿ ನಾಲ್ಕೈದು ಸಾವಿರ ಹೋಯಿತು. ಹಾಸ್ಟೆಲ್ ಕೋಣೆಯ ಫ್ಯಾನು, ಪಕ್ಕದ ಮನೆಯ ಕುಕ್ಕರ್ ಸೀಟಿ, ಎಲ್ಲವೂ ಅದರಲ್ಲಿದೆ. ಅದನ್ನೂ ಸಹಿಸಬಹುದು. ಆದರೆ ಇನ್ನೂರು ಪುಟದ ಪುಸ್ತಕ ಎಂಟೊಂಬತ್ತು ಗಂಟೆ ಆಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡನೇ ಘಟಕದ ಮೂರನೇ ಪ್ರಶ್ನೆ ಬೇಕು ಅಂದರೆ ಎಲ್ಲಿ ಹುಡುಕುವುದು? ಹಿಂದೆ ಎಳಿ, ಮುಂದೆ ಎಳಿ. ಆರೇಳು ನಿಮಿಷ ಅದರಲ್ಲೇ ಹೋಗುತ್ತಿತ್ತು.

ಇನ್ನೊಂದು ತೊಂದರೆ ಕಾಗುಣಿತದ್ದು. ಮಾಂಟೆಸ್ಕ್ಯೂ ಎಂಬ ಹೆಸರನ್ನು ಕಿವಿಯಿಂದ ಮಾತ್ರ ಕೇಳಿದ ಹುಡುಗ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಸ್ಕ್ರೈಬ್‌ಗೆ ಅದನ್ನು ಹೇಗೆ ಬರೆಸಬೇಕು? ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಿಗುತ್ತದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಜಾಸ್ತಿ. ಹೆಸರೇ ಗೊತ್ತಿಲ್ಲದಿದ್ದರೆ ಆ ಗಂಟೆ ತಗೊಂಡು ಏನು ಮಾಡುವುದು? ಪಠ್ಯ ಇದ್ದರೆ ಒಂದೊಂದೇ ಅಕ್ಷರ ಓದಿಸಿ ನೋಡಿಕೊಳ್ಳಬಹುದು. ನನ್ನ ವಾದದ ಬೇರು ಇದೇ.

ಬ್ರೈಲ್ ಬೇಡವಾ ಅಂತ ಕೇಳಿದವರೂ ಇದ್ದಾರೆ. ಬೇಕು. ಆದರೆ ಅಚ್ಚಿನ ಒಂದು ಪುಟಕ್ಕೆ ಬ್ರೈಲಿನಲ್ಲಿ ಎರಡು ಮೂರು ಪುಟ ಬೇಕು. ದಪ್ಪ ಹಾಳೆ ಬೇರೆ. ಬ್ರೈಲ್ ಚುಕ್ಕೆ ಒತ್ತುವ ಎಂಬಾಸರ್ ಯಂತ್ರದ ಬೆಲೆ ಲಕ್ಷಗಳಲ್ಲಿದೆ. ಹೈಸ್ಕೂಲ್ ಮುಗಿದ ಮೇಲೆ ಕಣ್ಣು ಹೋದವರಿಗೆ ಬ್ರೈಲ್ ಬರುವುದೂ ಅಪರೂಪ.

ಹಾಗಾಗಿ ಪಠ್ಯಕ್ಕೆ ಬಂದೆ. ಮೇಷ್ಟ್ರುಗಳು ಪೆನ್‌ಡ್ರೈವಿನಲ್ಲಿ ನೋಟ್ಸು ಕೊಟ್ಟರು. ಖುಷಿಯಿಂದ ಎನ್‌ವಿಡಿಎ ಹಚ್ಚಿದೆ. ಹುಡುಗ ಕೇಳಿದ: “ಸರ್, ಇದೇನ್ರೀ, ಪೌಂಡ್ ಪೌಂಡ್ ಅಂತೈತಿ?” ಎಲ್ಲವೂ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಅದರಲ್ಲಿ ‘ಕನ್ನಡ’ ಅಂತ ಕಣ್ಣಿಗೆ ಕಾಣುವ ಪದ ಕಂಪ್ಯೂಟರಿಗೆ ಇಂಗ್ಲಿಷಿನ ಪಿ, ಟೋಪಿ ಹಾಕಿದ ಎ, ಪೌಂಡ್ ಚಿಹ್ನೆ, ಇಂಥವೇ. ‘ನ’ ಬಂದಲ್ಲೆಲ್ಲ ಪೌಂಡ್. ಬ್ರಿಟಿಷರು ಹೋದರೂ ಅವರ ದುಡ್ಡು ನಮ್ಮ ನೋಟ್ಸಿನಲ್ಲಿ ಉಳಿದಿತ್ತು!

ಇದನ್ನು ಯೂನಿಕೋಡಿಗೆ, ಅಂದರೆ ಕಂಪ್ಯೂಟರ್ ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವ ಸಂಕೇತಕ್ಕೆ, ತಿರುಗಿಸುವ ಕನ್ವರ್ಟರ್ ಪುಕ್ಕಟೆ ಸಿಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಕನ್ವರ್ಟರ್ ಅಲ್ಲಿ ಎಡವಿದರೆ ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ಕಣ್ಣಿದ್ದವರು ಅದನ್ನು ನೋಡಿಯೂ ಸರಿಯಾಗಿ ಓದಿಕೊಂಡು ಮುಂದೆ ಹೋಗುತ್ತಾರೆ. ಯಂತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.

ಯೂನಿಕೋಡಿನಲ್ಲೇ ಟೈಪ್ ಮಾಡಿದ ಫೈಲುಗಳಲ್ಲೂ ಸುಖ ಇರಲಿಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಿವಿಗೆ ‘ಕಂಪನಿ’ ಹೋಗಿ ‘ಕ ಸೊನ್ನೆ ಪನಿ’ ಬರುತ್ತದೆ. ಅರ್ಕಾವತ್ತಿಗೆ ಅದರಂತೆಯೇ ಕಾಣುವ ಕನ್ನಡದ ಒಂಬತ್ತು (೯) ಒತ್ತುವವರೂ ಇದ್ದಾರೆ. ‘ಕಾರ್ಯ’ ಎಂಬುದು ‘ಕಾಯ ಒಂಬತ್ತು’. ಎಲ್ಲ ಒಂಬತ್ತನ್ನೂ ಒಂದೇ ಏಟಿಗೆ ಬದಲಾಯಿಸಿದರೆ ೧೯೫೬ನೇ ಇಸವಿ ಕೆಡುತ್ತದೆ. ಅಂಕಿಯ ಹಿಂದೆ ಅಕ್ಷರ ಇದ್ದರೆ ಮಾತ್ರ ಬದಲಿಸು ಅಂತ ನಿಯಮ ಹಾಕಬೇಕು. ಇಂಥ ನಿಯಮಗಳು ನನ್ನ ಹತ್ತಿರ ಈಗ ನೂರರ ಮೇಲಿವೆ. ಯಾವುದರ ಹಿಂದೆ ಯಾವುದನ್ನು ಓಡಿಸಬೇಕು ಎಂಬುದರಲ್ಲೇ ಎಲ್ಲ ಇದೆ. ಆ ಪಟ್ಟಿ ಇಲ್ಲಿ ಹಾಕುವುದಿಲ್ಲ. ಪ್ರಬಂಧ ಇನ್ನೂ ಸಲ್ಲಿಸಿಲ್ಲ, ನೋಡ್ರಿ.

ಅಚ್ಚಿನ ಪುಸ್ತಕಗಳಿಗೆ ಓಸಿಆರ್, ಅಂದರೆ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ, ಬೇಕಾಯಿತು. ಟೆಸೆರಾಕ್ಟ್, ಗೂಗಲ್ ಡಾಕ್ಸ್ ಎರಡನ್ನೂ ನೋಡಿದೆ. ಒಳ್ಳೆ ಅಚ್ಚಿಗೆ ಎರಡೂ ಅಡ್ಡಿಯಿಲ್ಲ. ಝೆರಾಕ್ಸಿನ ಝೆರಾಕ್ಸ್ ಕೊಟ್ಟರೆ ಎರಡೂ ಮಕಾಡೆ. ‘ಮ’ ಹೋಗಿ ‘ವು’ ಆಗುತ್ತದೆ, ಒತ್ತಕ್ಷರ ಮಾಯ. ಸೆಕೆಂಡ್ ಹ್ಯಾಂಡ್ ಸ್ಕ್ಯಾನರಿಗೆ ಮೂರು ಮೂರೂವರೆ ಸಾವಿರ ಕೊಟ್ಟೆ. ಈಗ ಅದು ಅಟ್ಟದ ಮೇಲಿದೆ. ಫೋನಿಗೆ ಒಂದು ಸ್ಟ್ಯಾಂಡ್, ಕಿಟಕಿಯ ಬೆಳಕು, ಅಷ್ಟೇ ಸಾಕಾಯಿತು.

ಸ್ನೇಹಿತರೊಬ್ಬರು ಕಾಪಿರೈಟ್ ಕೇಸು ಬೀಳುತ್ತದೆ ಅಂತ ಹೆದರಿಸಿದರು. ಅಂಗವಿಕಲರು ಓದಬಲ್ಲ ರೂಪಕ್ಕೆ ಲಾಭವಿಲ್ಲದೆ ಮಾಡಿಕೊಡಲು 2012ರ ತಿದ್ದುಪಡಿಯಲ್ಲೇ ಅವಕಾಶ ಇದೆ. ಆ ಕಲಮಿನ ಪ್ರತಿ ತೆಗೆದು ಅವರ ಟೇಬಲ್ ಮೇಲೆ ಇಟ್ಟೆ.

ಟೈಪ್ ಮಾಡಿಕೊಡಲು ಡಿಟಿಪಿಯವರು ಪುಟಕ್ಕೆ ಇಪ್ಪತ್ತು ರೂಪಾಯಿ ಕೇಳಿದ್ದರು. ಇನ್ನೂರು ಪುಟಕ್ಕೆ ನಾಲ್ಕು ಸಾವಿರ, ಮೇಲೆ ಪ್ರೂಫ್ ಬೇರೆ. ನನ್ನ ದಾರಿಯಲ್ಲಿ ಒಂದು ಪುಸ್ತಕ ಏಳೆಂಟು ನೂರಕ್ಕೆ ಮುಗಿಯುತ್ತದೆ. ಅದರಲ್ಲಿ ಬಹುಪಾಲು ಪ್ರೂಫ್ ಕೇಳುವ ವಿದ್ಯಾರ್ಥಿಗಳಿಗೇ ಹೋಗುತ್ತದೆ. ಹೌದು, ಪ್ರೂಫ್ ನೋಡುವವರು ಕಣ್ಣು ಕಾಣದವರೇ. ‘ಒತ್ತು ತಪ್ಪೈತಿ’ ಅಂತ ಅವರು ಹಿಡಿದಷ್ಟು ತಪ್ಪು ನಾನು ಕನ್ನಡಕ ಹಾಕಿಕೊಂಡೂ ಹಿಡಿದಿಲ್ಲ.

ಇಷ್ಟಾದ ಮೇಲೂ ಗೆಲ್ಲಿಸಿದ್ದು ಶೀರ್ಷಿಕೆಗಳು. ದಪ್ಪಕ್ಷರ ಮಾಡಿದರೆ ಶೀರ್ಷಿಕೆ ಆಗುವುದಿಲ್ಲ, ಹೆಡಿಂಗ್ ಸ್ಟೈಲ್ ಕೊಡಬೇಕು. ಘಟಕ ಮೊದಲ ಹಂತ, ಪ್ರಶ್ನೆ ಎರಡನೆಯದು, ಉತ್ತರದ ಅಂಶಗಳು ಮೂರನೆಯದು. ಲ್ಯಾಪ್‌ಟಾಪಿನಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಜಿಗಿಯುತ್ತದೆ. ಹುಡುಗರ ಹತ್ತಿರ ಇರುವುದು ಫೋನು, ಆದ್ದರಿಂದ ಇ-ಪುಸ್ತಕದ ಇಪಬ್ ರೂಪ ಬಿಟ್ಟು ವೆಬ್ ಪುಟದಂಥ ಎಚ್‌ಟಿಎಂಎಲ್ ಫೈಲ್ ಮಾಡಿದೆ. ಕ್ರೋಮಿನಲ್ಲಿ ತೆರೆಯುತ್ತದೆ, ಟಾಕ್‌ಬ್ಯಾಕ್ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುತ್ತದೆ. ಇಡೀ ಪುಸ್ತಕ ಒಂದು ಎಂಬಿ ಆಸುಪಾಸು, ವಾಟ್ಸಾಪಿನಲ್ಲಿ ಕಳಿಸಿದರಾಯಿತು. ಫೈಲಿನ ತಲೆಯಲ್ಲಿ ಭಾಷೆ ಕನ್ನಡ ಅಂತ ಬರೆಯುವುದನ್ನು ಮಾತ್ರ ಬಿಡಬೇಡಿ, ಬಿಟ್ಟರೆ ಕೆಲವು ಫೋನು ಇಂಗ್ಲಿಷ್ ದನಿಯಲ್ಲಿ ಒದರುತ್ತವೆ. ಹುಡುಕಲು ಆರೇಳು ನಿಮಿಷ ಹಿಡಿಯುತ್ತಿದ್ದ ಪ್ರಶ್ನೆ ಒಂದು ನಿಮಿಷದೊಳಗೆ ಸಿಕ್ಕಿತು. ಹುಬ್ಬಳ್ಳಿಯಿಂದ ಬರುವ ಒಬ್ಬಾಕೆ ಚಿಗರಿ ಬಸ್ಸಿನಲ್ಲಿ ಕೂತೇ ಒಂದು ಘಟಕ ಮುಗಿಸುತ್ತಾಳೆ.

“ಯಂತ್ರದ ದನಿ ಯಾರು ಕೇಳ್ತಾರ?” ಎಂದಿದ್ದರು. ಹೊಸಬರು ಗೂಗಲ್ ದನಿ ಕೇಳುತ್ತಾರೆ. ಹಳಬರು ಇಸ್ಪೀಕ್ ಎಂಬ ಇನ್ನೊಂದು ಯಂತ್ರದ ದನಿಯನ್ನೇ ಹಿಡಿಯುತ್ತಾರೆ. ತಗಡು ಬಡಿದಂಥ ದನಿ ಅದು. ಆದರೆ ವೇಗ ಎಷ್ಟು ಏರಿಸಿದರೂ ಅಕ್ಷರ ಕಲಸುವುದಿಲ್ಲ.

ಪದ್ಯದಲ್ಲಿ ಮಾತ್ರ ನಾನು ಸೋತೆ, ಅಲ್ಲಿ ರೆಕಾರ್ಡಿಂಗೇ ಸರಿ. ಷಟ್ಪದಿಯನ್ನು ಯಂತ್ರ ಕಿರಾಣಿ ಲೆಕ್ಕದಂತೆ ಓದುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತ ಹುಡುಗನೊಬ್ಬ ಅವನ್ನೆಲ್ಲ ಹಾಡಿ ಕೊಟ್ಟ. ಪದ್ಯಕ್ಕೊಂದು ಫೈಲು, ಪಠ್ಯದ ಪಕ್ಕದಲ್ಲೇ ಕೊಂಡಿ.

ಮಧ್ಯೆ ಬೆರಳಿನಿಂದ ಮುಟ್ಟಿ ತಿಳಿಯುವ ನಕ್ಷೆಯ ಹುಚ್ಚೂ ಹಿಡಿಯಿತು. ಕಸೂತಿ ಗೊತ್ತಿದ್ದ ಅಕ್ಕನೊಬ್ಬರಿಂದ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಹೊಲಿಸಿದೆ. ಗವಂತಿ ಎಂಬ ಚಪ್ಪಟೆ ಗೆರೆಯ ಹೊಲಿಗೆ ಬೆರಳಿಗೆ ಹತ್ತಲೇ ಇಲ್ಲ. ಹೆಂತೆ ಎಂಬ ಕ್ರಾಸ್ ಹೊಲಿಗೆ ಹತ್ತಿತು, ಅದೂ ದಪ್ಪ ದಾರದಲ್ಲಿ. ಮಲಪ್ರಭಾ ಹುಟ್ಟುವ ಕನಕುಂಬಿಯಲ್ಲಿ ಒಂದು ಮಣಿ, ಮಲಪ್ರಭಾ ಕೃಷ್ಣೆಗೆ ಕೂಡುವ ಕೂಡಲಸಂಗಮದಲ್ಲಿ ಒಂದು ಗಂಟು. ಒಂದು ನಕ್ಷೆಗೆ ಕೂಲಿ, ದಾರ ಸೇರಿ ಐನೂರರ ಮೇಲೆ ಬಿತ್ತು. ಚಂದ ಇದೆ, ಆದರೆ ಎಷ್ಟು ಹೊಲಿಸುವುದು?

ಈಗ ಅರ್ಥಶಾಸ್ತ್ರದ ಕೋಷ್ಟಕಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಅಂಕಿ ಓದುತ್ತದೆ, ಯಾವ ಸಾಲಿನದು ಅಂತ ಹೇಳುವುದಿಲ್ಲ. ಸದ್ಯಕ್ಕೆ ಪ್ರತಿ ಕೋಷ್ಟಕವನ್ನೂ ವಾಕ್ಯಗಳಾಗಿ ಬಿಡಿಸಿ ಬರೆಯುತ್ತಿದ್ದೇವೆ. ಪುಟಕ್ಕೆ ಅರ್ಧ ಗಂಟೆ ತಿನ್ನುತ್ತದೆ. ಯಾರಾದರೂ ಬೇರೆ ದಾರಿ ಕಂಡಿದ್ದರೆ ಹೇಳಿ, ಅರ್ಕಾವತ್ತಿನ ಪಟ್ಟಿ ಅವರಿಗೆ ಮೊದಲು ಕೊಡುತ್ತೇನೆ.