ಮಾವನ ಲ್ಯಾಪ್‌ಟಾಪು, ಮೂರು ಸಂಜೆ, ಒಂದು ಶೆಲ್ಲು

ಬೆಂಗಳೂರಲ್ಲಿ ಇದ್ದೀನಿ ಅಂದ್ರೆ ಸಾಕು, ನೆಂಟರಿಗೆಲ್ಲ ನಾವು ಕಂಪ್ಯೂಟರ್ ರಿಪೇರಿಯೋರೇ. ನಾನು ಅಕೌಂಟ್ಸ್ ಬರೆಯೋನು ಅಂತ ಎಷ್ಟು ಸಲ ಹೇಳಿದ್ರೂ ಹನುಮಂತನಗರದ ಸೋದರಮಾವ ಕೇಳಲ್ಲ. ಅವರ ಹತ್ರ 2011ರ ಲ್ಯಾಪ್‌ಟಾಪ್ ಒಂದಿದೆ, 4 ಜಿಬಿ ರ್‍ಯಾಮು, ಬ್ಯಾಟರಿ ಸತ್ತು ಎಷ್ಟೋ ವರ್ಷ ಆಯ್ತು, ಚಾರ್ಜರ್ ಹಾಕಿದ್ರೆ ಮಾತ್ರ ಜೀವ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತೋಯ್ತು, 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಈ ಮುದುಕಪ್ಪನಲ್ಲಿ ಅದೆಲ್ಲಿ ಬರ್ಬೇಕು. ಸರಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಡ್ತೀನಿ, ಒಂದು ಗಂಟೆ ಕೆಲಸ ಅಂದೆ. ಆ ಮಾತು ಆಡಬಾರದಿತ್ತು.

ಮೊದಲನೇ ಸಂಜೆ. ಮನೇಲೇ ರೂಫಸ್ ಅನ್ನೋ ಸಾಫ್ಟ್‌ವೇರಲ್ಲಿ ಮಿಂಟ್ ಹಾಕೋಕೆ ಪೆನ್ ಡ್ರೈವ್ ರೆಡಿ ಮಾಡ್ಕೊಂಡು ಹೋಗಿದ್ದೆ. ಯಾವುದರಿಂದ ಶುರು ಮಾಡ್ಲಿ ಅಂತ ಕೇಳೋ ಬೂಟ್ ಮೆನುಗೆ ಎಫ್12 ಒತ್ತಿದೆ, ಏನೂ ಬರ್ಲಿಲ್ಲ, ನೇರ ವಿಂಡೋಸ್. ಎಫ್2 ಒತ್ತಿ ಬಯೋಸ್ (ವಿಂಡೋಸಿಗೂ ಮೊದಲು ಓಡೋ ಮಷಿನಿನ ಸೆಟ್ಟಿಂಗ್ಸು) ಒಳಗೆ ಹೋಗಿ ನೋಡಿದ್ರೆ ಬೂಟ್ ಮೆನುನೇ ಡಿಸೇಬಲ್ ಆಗಿತ್ತು. ಕೆಲವು ಕಂಪನಿಯೋರು ಹಾಗೇ ಕೊಡ್ತಾರೆ. ಎನೇಬಲ್ ಮಾಡಿ ಸೇವ್ ಮಾಡಿದ ಮೇಲೆ ಮೆನು ಬಂತು, ಆದ್ರೆ ಅದರಲ್ಲಿ ಪೆನ್ ಡ್ರೈವೇ ಇಲ್ಲ. ಎಡಗಡೆ ನೀಲಿ ಪೋರ್ಟಿಗೆ ಚುಚ್ಚಿದ್ದೆ, ತೆಗೆದು ಬಲಗಡೆ ಕಪ್ಪು ಪೋರ್ಟಿಗೆ ಹಾಕ್ದೆ, ಕಾಣಿಸ್ತು. ನೀಲಿ ಅಂದ್ರೆ ಯುಎಸ್‌ಬಿ 3.0, ಆ ಕಾಲದ ಲ್ಯಾಪ್‌ಟಾಪಲ್ಲಿ ಅದಕ್ಕೆ ಬೇರೆ ಚಿಪ್ ಇರ್ತಿತ್ತು, ಇಂಟೆಲ್ ಅದನ್ನ ತನ್ನ ಚಿಪ್‌ಸೆಟ್ ಒಳಗೇ ಸೇರಿಸಿದ್ದು 2012ರಲ್ಲಿ, ಅದಕ್ಕೇ ಎಷ್ಟೋ ಹಳೇ ಬಯೋಸ್‌ಗಳಿಗೆ ವಿಂಡೋಸ್ ಬರೋವರೆಗೂ ನೀಲಿ ಪೋರ್ಟ್ ಇದೆ ಅಂತಾನೇ ಗೊತ್ತಾಗಲ್ಲ. ಸರಿ ಅಂತ ಪೆನ್ ಡ್ರೈವ್ ಸೆಲೆಕ್ಟ್ ಮಾಡಿದ್ರೆ ಅಲ್ಲೇ ನಿಂತ್ಕೊಂಡ್ತು. ಆಮೇಲೆ ಹೊಳೀತು, ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್, ಅಂದ್ರೆ ಡ್ರೈವನ್ನ ಭಾಗ ಮಾಡೋ ರೀತಿ, ಜಿಪಿಟಿ ಅಂತಿದ್ದಿದ್ದನ್ನ ನೋಡದೇ ಸ್ಟಾರ್ಟ್ ಒತ್ತಿದ್ದೆ. ಅದು ಯುಇಎಫ್‌ಐ, ಅಂದ್ರೆ ಹೊಸ ನಮೂನೆ ಬಯೋಸ್ ಇರೋ ಮಷಿನಿಗೆ. ಮಾವಂದು ಹಳೇ ಲೆಗಸಿ ಬಯೋಸು, ಅದಕ್ಕೆ ಎಂಬಿಆರ್ ಅನ್ನೋ ಹಳೇ ಸ್ಕೀಮ್ ಬೇಕು. ಅಷ್ಟೊತ್ತಿಗೆ ಒಂಬತ್ತೂವರೆ, ಅತ್ತೆ ಊಟಕ್ಕೆ ಕರೆದ್ರು, ನಾಳೆ ನೋಡೋಣ ಅಂತ ಎದ್ದೆ.

ಎರಡನೇ ಸಂಜೆ ಎಂಬಿಆರ್ ಮಾಡ್ಕೊಂಡು ಬಂದೆ. ಎಫ್12 ಮತ್ತೆ ಕೆಲಸ ಮಾಡ್ತಿಲ್ಲ! ನಿನ್ನೆ ತಾನೇ ಎನೇಬಲ್ ಮಾಡಿದ್ದೆ. ಸೇವ್ ಮಾಡೋದು ಮರೆತ್ನೇನೋ ಅಂದ್ಕೊಂಡು ಮತ್ತೆ ಮಾಡ್ದೆ, ಈ ಸಲ ಪೆನ್ ಡ್ರೈವಿಂದ ಸ್ವಲ್ಪ ಮುಂದಕ್ಕೆ ಹೋಗಿ ಎಲ್‌ಡಿಲಿನಕ್ಸ್ ಅನ್ನೋ ಫೈಲ್ ಲೋಡ್ ಆಗ್ಲಿಲ್ಲ ಅಂತ ಒಂದು ಸಾಲು ಬಂದು ನಿಂತೋಯ್ತು. ಡೌನ್‌ಲೋಡ್ ಮಾಡಿದ್ದ ಮಿಂಟಿನ ಐಎಸ್‌ಒ ಫೈಲೇ ಹಾಳಾಗಿದ್ಯೇನೋ ಅಂತ ನನ್ನ ಲ್ಯಾಪ್‌ಟಾಪಲ್ಲಿ ಅದರ ಶಾ256, ಅಂದ್ರೆ ಫೈಲಿನ ಬೆರಳಚ್ಚಿನಂಥ ಕೋಡು, ತಾಳೆ ನೋಡಿದೆ, ಒಂದಕ್ಷರ ವ್ಯತ್ಯಾಸ ಇಲ್ಲ. ಹಾಗಾದ್ರೆ ಬರೆಯೋ ವಿಧಾನದಲ್ಲೇ ತೊಂದ್ರೆ. ರೂಫಸ್ ಸ್ಟಾರ್ಟ್ ಒತ್ತಿದಾಗ ಐಎಸ್‌ಒ ಮೋಡಾ ಡಿಡಿ ಮೋಡಾ ಅಂತ ಕೇಳುತ್ತಲ್ಲ, ನಾವೆಲ್ಲ ಓದದೇ ಓಕೆ ಒತ್ತೋದು, ಈ ಸಲ ಡಿಡಿ ಆರಿಸ್ದೆ. ಅದು ಐಎಸ್‌ಒ ಫೈಲನ್ನ ಇದ್ದದ್ದು ಇದ್ದ ಹಾಗೇ ಪೆನ್ ಡ್ರೈವಿಗೆ ಇಳಿಸುತ್ತೆ. ಆಮೇಲೆ ವಿಂಡೋಸ್ ಆ ಪೆನ್ ಡ್ರೈವ್ ನೋಡಿ ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳಬಹುದು, ಬೇಡ ಅನ್ನಿ, ಇಲ್ಲಾಂದ್ರೆ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಡಿಡಿ ಮುಗಿದು ಮಾವನ ಲ್ಯಾಪ್‌ಟಾಪ್ ಆನ್ ಮಾಡೋಣ ಅನ್ನೋಷ್ಟರಲ್ಲಿ ಮಳೆ, ಕರೆಂಟ್ ಹೋಯ್ತು. ಅರ್ಧ ಗಂಟೆ ಮೇಲೆ ಬಂತು. ಎಫ್12 ಒತ್ತಿದ್ರೆ ಮತ್ತೆ ಸತ್ತೋಗಿದೆ. ಈಗ ಮಾತ್ರ ಅನುಮಾನ ಬಂದು ಬಯೋಸ್ ಮೊದಲನೇ ಪುಟದಲ್ಲೇ ಇದ್ದ ಡೇಟ್ ಕಡೆ ಕಣ್ಣು ಹಾಯಿಸಿದೆ. 2010, ಜನವರಿ 1.

"ಮಾವ, ಇದರಲ್ಲಿ ಡೇಟ್ ತಪ್ಪಿದೆಯಲ್ಲ?"

"ಅಯ್ಯೋ ಅದು ದಿನಾ ತಪ್ಪುತ್ತೆ ಕಣೋ. ಬೆಳಿಗ್ಗೆ ಪಂಚಾಂಗ ನೋಡಿ ಸರಿ ಮಾಡ್ಕೋತೀನಿ. ಮಾಡದಿದ್ರೆ ಬ್ಯಾಂಕಿಂದು ಓಪನ್ ಆಗಲ್ಲ, ಸೇಫ್ ಅಲ್ಲ ಅನ್ನುತ್ತೆ."

ಎಷ್ಟು ದಿನದಿಂದ ಅಂತ ಕೇಳಿದ್ರೆ ಎರಡು ವರ್ಷ ಅಂತೆ. ಬಯೋಸಿನ ಡೇಟು, ಸೆಟ್ಟಿಂಗು ನೆನಪಿಡೋ ಸಿಮೋಸ್ ಶೆಲ್ಲು ಖಾಲಿ. ಬ್ಯಾಟರೀನೂ ಸತ್ತಿರೋದ್ರಿಂದ ಚಾರ್ಜರ್ ಕಿತ್ತ ತಕ್ಷಣ ಬಯೋಸ್ ಎಲ್ಲ ಮರೆತು ಹುಟ್ಟಿದ ದಿನಕ್ಕೆ ವಾಪಸ್ ಹೋಗ್ತಿತ್ತು, ನಾನು ಎರಡು ದಿನ ಪೆನ್ ಡ್ರೈವಿಗೆ ಬೈಕೊಂಡು ಕೂತಿದ್ದೆ. ಡೇಟ್ ತಪ್ಪಿದ್ರೆ ಬ್ರೌಸರಿಗೆ ಸೈಟಿನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅನ್ಸುತ್ತೆ, ಬ್ಯಾಂಕಿನ ತಕರಾರಿಗೂ ಅದೇ ಕಾರಣ.

ಮಾರನೇ ದಿನ ಶನಿವಾರ, ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ಕಂಪ್ಯೂಟರ್ ಸಾಮಾನು ಸಿಗೋ ಎಸ್‌ಪಿ ರೋಡಿಗೆ ನಡೆದೆ. ಸಿಆರ್2032 ಶೆಲ್ಲು ಕೊಡಿ ಅಂದ್ರೆ ಅಂಗಡಿ ಹುಡುಗ "ವೈರ್ ಇರೋದಾ ಸಾರ್, ಬರೀ ಶೆಲ್ಲಾ?" ಅಂದ. ನನಗೇನು ಗೊತ್ತು, ಎರಡೂ ತಗೊಂಡೆ. ಒಳ್ಳೇದಾಯ್ತು. ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಹಿಂದಿನ ಮುಚ್ಚಳ ಬಿಚ್ಚಿದ್ರೆ ಹಳದಿ ಪ್ಲಾಸ್ಟಿಕ್ ತೊಗಟೆ ಸುತ್ತಿದ ಶೆಲ್ಲು, ಅದರಿಂದ ಕೆಂಪು ಕಪ್ಪು ಎರಡು ವೈರು, ತುದೀಲಿ ಅಕ್ಕಿಕಾಳಿನಷ್ಟು ಬಿಳೀ ಕನೆಕ್ಟರ್. ವೈರ್ ಹಿಡಿದು ಎಳೀಬೇಡಿ, ಕಿತ್ತೇ ಬರುತ್ತೆ, ನಾನು ಅತ್ತೆಯ ಹೇರ್‌ಪಿನ್ನಿಂದ ಕನೆಕ್ಟರನ್ನ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ಮೀಟಿ ಬಿಡಿಸಿದೆ. 3 ವೋಲ್ಟ್ ಇರಬೇಕಾದ ಶೆಲ್ಲು ಮೀಟರಲ್ಲಿ 0.9 ತೋರಿಸ್ತು.

ಹೊಸದು ಹಾಕಿ, ಡೇಟ್ ಸೆಟ್ ಮಾಡಿ, ಎಫ್12 ಎನೇಬಲ್ ಮಾಡಿ, ಬೇಕಂತಲೇ ಚಾರ್ಜರ್ ಕಿತ್ತು ಒಂದು ಕಾಫಿ ಕುಡಿದು ಬಂದು ಆನ್ ಮಾಡ್ದೆ. ನೆನಪಿಟ್ಕೊಂಡಿತ್ತು. ಕಪ್ಪು ಪೋರ್ಟು, ಡಿಡಿ ಪೆನ್ ಡ್ರೈವು, ಮಿಂಟ್ ಬಂತು. ಮಾವನ ಫೈಲೆಲ್ಲ ಬೇರೆ ಡಿಸ್ಕಿಗೆ ಮೊದಲೇ ತೆಗೆದಿಟ್ಟಿದ್ದೆ, ಇನ್‌ಸ್ಟಾಲ್ ಏನೂ ರಗಳೆ ಇಲ್ಲದೇ ಮುಗೀತು.

ಭಾನುವಾರ ಬೆಳಿಗ್ಗೆ ಏಳಕ್ಕೇ ಮಾವನ ಫೋನು. ಏನೋ ಕೆಟ್ಟೋಯ್ತು ಅಂದ್ಕೊಂಡೆ.

"ಲೋ, ಪಂಚಾಂಗ ಹಿಡ್ಕೊಂಡು ಕೂತಿದ್ದೀನಿ, ಡೇಟ್ ಸರಿಯಾಗೇ ಇದೆಯಲ್ಲೋ. ಈಗೇನು ಒತ್ಬೇಕು?"