ಪಿಸಿಓಎಸ್ ಇದ್ದರೆ ಎಲ್ಲಿಂದ ಶುರು ಮಾಡುವುದು?

ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಗಲ್ಲದ ಮೇಲೆ ದಪ್ಪ ಕೂದಲು ಕಾಣಿಸುತ್ತದೆ. ಹದಿಹರೆಯ ದಾಟಿದರೂ ಮೊಡವೆ ಹೋಗುವುದಿಲ್ಲ. ಒಂದಕ್ಕೆ ಕ್ರೀಮು, ಇನ್ನೊಂದಕ್ಕೆ ವ್ಯಾಕ್ಸಿಂಗ್, ಮತ್ತೊಂದಕ್ಕೆ 'ಮುಂದಿನ ತಿಂಗಳು ಸರಿಹೋಗುತ್ತೆ ಬಿಡು' ಎನ್ನುವ ಸಮಾಧಾನ. ಹೀಗೇ ವರ್ಷಗಳು ಕಳೆದುಬಿಡುತ್ತವೆ. ಆದರೆ ಇವೆಲ್ಲದರ ಬೇರು ಒಂದೇ ಆಗಿರಬಹುದು. ಅದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್. ಪಿಸಿಓಡಿ ಎಂದು ಹಲವರು ಹೇಳುವುದೂ ಇದನ್ನೇ.

ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ತೊಂದರೆ ಇದೆ. ಅವರಲ್ಲಿ ಶೇ 70ರಷ್ಟು ಮಂದಿಗೆ ಅದು ಗೊತ್ತೇ ಇರಲಿಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೊತ್ತಾದವರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಗೆಳತಿಗೆ ಹೊಂದಿದ ಮಾತ್ರೆಯನ್ನೋ ಅಕ್ಕ ಮಾಡಿದ ಡಯಟ್ಟನ್ನೋ ತಾವೂ ಮಾಡಿ ಸೋತು ಕೂರುತ್ತಾರೆ. ಪಿಸಿಓಎಸ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಲಕ್ಷಣ ಯಾವುದು, ನಿಮಗೆ ಈಗ ಬೇಕಿರುವುದೇನು ಎನ್ನುವುದರ ಮೇಲೆ ದಾರಿ ಬದಲಾಗುತ್ತದೆ.

ಮೊದಲು, ಒಳಗೆ ಏನಾಗುತ್ತಿದೆ ಎಂದು ತಿಳಿಯಿರಿ

ಪ್ರತಿ ತಿಂಗಳು ಅಂಡಾಶಯದಲ್ಲಿ ಅಂಡಾಣುವಿರುವ, ಚೀಲದಂಥ ಕೆಲವು ಪುಟ್ಟ ಕೋಶಗಳು ಬೆಳೆಯಲು ಶುರುವಾಗುತ್ತವೆ. ಅವುಗಳಲ್ಲಿ ಒಂದು ಪೂರ್ತಿ ಬಲಿತು ಅಂಡಾಣುವನ್ನು ಹೊರಗೆ ಬಿಡುತ್ತದೆ. ಅದಾದ ಸುಮಾರು ಎರಡು ವಾರಕ್ಕೆ ಮುಟ್ಟು ಬರುತ್ತದೆ. ಪಿಸಿಓಎಸ್‌ನಲ್ಲಿ ಈ ಕೋಶಗಳು ಅರ್ಧಕ್ಕೇ ನಿಂತುಬಿಡುತ್ತವೆ. ಎಷ್ಟೋ ತಿಂಗಳು ಅಂಡಾಣು ಬಿಡುಗಡೆಯಾಗುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ.

ಇದರ ಹಿಂದೆ ಎರಡು ಹಾರ್ಮೋನುಗಳ ಆಟವಿದೆ. ಹಲವರ ದೇಹ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ತಯಾರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಆಂಡ್ರೊಜನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಈ ಹಾರ್ಮೋನು ಎಲ್ಲ ಹೆಣ್ಣುಮಕ್ಕಳಲ್ಲೂ ಸ್ವಲ್ಪ ಇರುತ್ತದೆ. ಇಲ್ಲಿ ಅದು ಅಳತೆ ಮೀರುತ್ತದೆ. ಮುಖದ ಕೂದಲು, ಮೊಡವೆ, ನೆತ್ತಿಯ ಕೂದಲು ತೆಳುವಾಗುವುದು ಎಲ್ಲವೂ ಇದರದ್ದೇ ಕೆಲಸ. ತಾಯಿಗೋ ಅಕ್ಕತಂಗಿಯರಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಅಂದರೆ ನೀವು ಏನೋ ತಪ್ಪು ಮಾಡಿದ್ದಕ್ಕೆ ಬಂದ ಕಾಯಿಲೆ ಇದಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ.

ಸ್ಕ್ಯಾನ್ ರಿಪೋರ್ಟ್ ನೋಡಿ ಹೆದರುವವರೂ ಬಹಳ. ಅದರಲ್ಲಿ ಕಾಣುವ 'ಸಿಸ್ಟ್'ಗಳು ಗೆಡ್ಡೆಗಳಲ್ಲ. ಬೆಳವಣಿಗೆ ನಿಂತುಹೋದ 2ರಿಂದ 9 ಮಿಲಿಮೀಟರಿನ ಆ ಪುಟ್ಟ ಕೋಶಗಳೇ ಅವು. ಅವನ್ನು ಕತ್ತರಿಸಿ ತೆಗೆಯಬೇಕಿಲ್ಲ. ಸಾಮಾನ್ಯವಾಗಿ ಅವು ನೋಯುವುದೂ ಇಲ್ಲ. ಕಿಬ್ಬೊಟ್ಟೆಯಲ್ಲಿ ತೀವ್ರ ನೋವಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ದಿನಾಂಕ ಬರೆದಿಡಿ

ಇದು ಕಾಸು ಖರ್ಚಿಲ್ಲದ ಕೆಲಸ. ಆದರೂ ಇದೇ ಎಲ್ಲಕ್ಕಿಂತ ಮುಖ್ಯ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮುಟ್ಟು ಶುರುವಾದ ದಿನ, ಎಷ್ಟು ದಿನ ಇತ್ತು, ರಕ್ತಸ್ರಾವ ಎಷ್ಟಿತ್ತು ಎಂದು ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ಗುರುತು ಹಾಕಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಿ. ಈ ಅಂತರ ಪದೇಪದೇ 35 ದಿನ ದಾಟುತ್ತಿದ್ದರೆ, 21 ದಿನಕ್ಕಿಂತ ಕಡಿಮೆ ಇದ್ದರೆ, ಅಥವಾ ವರ್ಷಕ್ಕೆ 8 ಸಲಕ್ಕಿಂತ ಕಡಿಮೆ ಮುಟ್ಟಾಗುತ್ತಿದ್ದರೆ ಅದನ್ನು ಅನಿಯಮಿತ ಎನ್ನಬಹುದು.

ಹುಡುಗಿಯರಿಗೆ ಈ ಲೆಕ್ಕ ಬೇರೆ. ಮೊದಲ ಸಲ ಮುಟ್ಟಾದ ಮೇಲೆ ಒಂದು ವರ್ಷ ಹಿಂದೆ ಮುಂದೆ ಆಗುವುದು ಸಹಜ. ನಂತರದ ಎರಡು ವರ್ಷ 45 ದಿನದವರೆಗಿನ ಅಂತರಕ್ಕೂ ಗಾಬರಿಯಾಗಬೇಕಿಲ್ಲ. ಆದರೆ ಮೊದಲ ವರ್ಷ ಕಳೆದ ಮೇಲೆ ಒಂದೇ ಒಂದು ಸಲ 90 ದಿನ ದಾಟಿದರೂ, ಅಥವಾ 15 ತುಂಬಿದರೂ ಮುಟ್ಟು ಶುರುವಾಗದಿದ್ದರೆ ವೈದ್ಯರಿಗೆ ತೋರಿಸಿ.

ದಿನಾಂಕದ ಜೊತೆ ಉಳಿದ ಬದಲಾವಣೆಗಳನ್ನೂ ಬರೆಯಿರಿ. ಮೇಲ್ತುಟಿ, ಗಲ್ಲ, ಎದೆ, ಹೊಟ್ಟೆಯ ಮೇಲೆ ದಪ್ಪ ಕೂದಲು ಬರುತ್ತಿದೆಯಾ? ಬೈತಲೆ ಅಗಲವಾಗುತ್ತಿದೆಯಾ? ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನಂತಾಗಿದೆಯಾ? ಈ ಕೊನೆಯದನ್ನು ಕೊಳೆ ಎಂದುಕೊಂಡು ಉಜ್ಜಿ ಉಜ್ಜಿ ಚರ್ಮ ಕೆಂಪು ಮಾಡಿಕೊಳ್ಳುವವರಿದ್ದಾರೆ. ಅದು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಗುರುತು.

ವೈದ್ಯರ ಬಳಿ ಏನು ಕೇಳಬೇಕು?

ಪಿಸಿಓಎಸ್ ಇದೆ ಎನ್ನಲು ಮೂರರಲ್ಲಿ ಎರಡು ಅಂಶ ಇರಬೇಕು. ಒಂದು, ಅನಿಯಮಿತ ಮುಟ್ಟು. ಎರಡು, ಆಂಡ್ರೊಜನ್ ಹೆಚ್ಚಿರುವುದು ಮೈಮೇಲೆ ಕಾಣುವುದು ಅಥವಾ ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದು. ಮೂರು, ಸ್ಕ್ಯಾನಿನಲ್ಲಿ ಕಾಣುವ ಕೋಶಗಳು. 2003ರಲ್ಲಿ ರಾಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಒಪ್ಪಿದ ಅಳತೆಗೋಲು ಇದು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದ ಮೇಲೆ, ವಯಸ್ಕರಿಗೆ ಸ್ಕ್ಯಾನ್ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆಯನ್ನೂ ಬಳಸಬಹುದು. ಮೊದಲೆರಡು ಅಂಶ ಸ್ಪಷ್ಟವಾಗಿದ್ದರೆ ಸ್ಕ್ಯಾನೇ ಬೇಕಿಲ್ಲ.

ಸ್ಕ್ಯಾನ್ ಒಂದನ್ನೇ ನೋಡಿ ಪಿಸಿಓಎಸ್ ಎಂದು ಯಾರಾದರೂ ಹೇಳಿದರೆ ಪ್ರಶ್ನೆ ಕೇಳಿ. ಮುಟ್ಟು ಸರಿಯಾಗಿದ್ದು, ಬೇರೆ ಯಾವ ಲಕ್ಷಣವೂ ಇಲ್ಲದ ಎಷ್ಟೋ ಜನರ ಅಂಡಾಶಯ ಸ್ಕ್ಯಾನಿನಲ್ಲಿ ಹಾಗೇ ಕಾಣುತ್ತದೆ. ಹದಿಹರೆಯದವರಲ್ಲಂತೂ ಅದು ತೀರಾ ಸಾಮಾನ್ಯ. ಅದಕ್ಕೇ ಮೊದಲ ಮುಟ್ಟಾಗಿ 8 ವರ್ಷ ತುಂಬುವ ತನಕ ಸ್ಕ್ಯಾನನ್ನಾಗಲಿ ಎಎಂಎಚ್ ಅನ್ನಾಗಲಿ ಇದಕ್ಕೆ ಆಧಾರ ಮಾಡಿಕೊಳ್ಳುವುದಿಲ್ಲ.

ಮುಟ್ಟು ತಪ್ಪಲು ಥೈರಾಯ್ಡ್ ಅಥವಾ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರುಪೇರೂ ಕಾರಣ ಆಗಬಹುದು. ಗರ್ಭ ನಿಂತಿದ್ದರೂ ಮುಟ್ಟು ನಿಲ್ಲುತ್ತದೆ ಅಲ್ವಾ? ಇವೆಲ್ಲ ಇಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್, ಬಿಪಿ ನೋಡಿಸಿ. ಸಕ್ಕರೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಪರೀಕ್ಷೆಯೇ ಒಳ್ಳೆಯದು. ಬರೀ ಖಾಲಿಹೊಟ್ಟೆಯ ಪರೀಕ್ಷೆಯಲ್ಲಿ ಕೆಲವರ ತೊಂದರೆ ತಪ್ಪಿಸಿಕೊಳ್ಳುತ್ತದೆ. ನೀವು ಈಗಾಗಲೇ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ. ಆ ಮಾತ್ರೆ ಆಂಡ್ರೊಜನ್ ಪರೀಕ್ಷೆಯ ಫಲಿತಾಂಶವನ್ನು ಬದಲಿಸುತ್ತದೆ.

ಕೂದಲು ಕೆಲವೇ ತಿಂಗಳಲ್ಲಿ ವಿಪರೀತ ಬೆಳೆದರೆ, ದನಿ ಗಡಸಾದರೆ ಸುಮ್ನೆ ಕಾಯಬೇಡಿ. ಅದು ಪಿಸಿಓಎಸ್ ಇರಲಿಕ್ಕಿಲ್ಲ. ಹಾರ್ಮೋನು ಸುರಿಸುವ ಗೆಡ್ಡೆ ಇದೆಯೇ ಎಂದು ಬೇಗ ನೋಡಬೇಕಾಗುತ್ತದೆ.

ಮೂರು ತಿಂಗಳ ಗಡಿ ದಾಟಲು ಬಿಡಬೇಡಿ

'ಮುಟ್ಟು ಬರದಿದ್ದರೆ ಆರಾಮವೇ' ಎಂದುಕೊಳ್ಳುವವರಿದ್ದಾರೆ. ಮುಟ್ಟಿನ ಕಷ್ಟ ಉಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಅಂಡಾಣು ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಬರುವುದಿಲ್ಲ. ಅದಿಲ್ಲದೆ ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗಾದರೆ ಆ ಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಒಟ್ಟಾರೆ ಲೆಕ್ಕದಲ್ಲಿ ಆ ಅಪಾಯ ಕಡಿಮೆಯೇ, ಆದರೆ ಅದನ್ನು ತಡೆಯುವುದು ಸುಲಭ. ಯಾವ ಚಿಕಿತ್ಸೆಯೂ ಇಲ್ಲದೆ ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಿ. ಕೆಲವು ದಿನದ ಪ್ರೊಜೆಸ್ಟೆರಾನ್ ಮಾತ್ರೆ ಕೊಟ್ಟು ಮುಟ್ಟು ತರಿಸುತ್ತಾರೆ.

ಮಕ್ಕಳು ಈಗಲೇ ಬೇಡ ಎನ್ನುವವರಿಗೆ ಎರಡು ಹಾರ್ಮೋನುಗಳಿರುವ ಗರ್ಭನಿರೋಧಕ ಮಾತ್ರೆ ಸಾಮಾನ್ಯವಾಗಿ ಮೊದಲ ಆಯ್ಕೆ. ಅದು ಒಳಪದರವನ್ನು ಕಾಪಾಡುತ್ತದೆ, ಆಂಡ್ರೊಜನ್ನನ್ನೂ ತಗ್ಗಿಸುತ್ತದೆ. ಅದನ್ನು ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುವ ಮಾತು ಸುಳ್ಳು. ಮಾತ್ರೆ ನಿಲ್ಲಿಸಿದಾಗ ಹಳೆಯ ಲಕ್ಷಣ ಮರಳಬಹುದು, ಅದು ಮಾತ್ರೆಯ ತಪ್ಪಲ್ಲ. ಆದರೆ ಇದು ಅಂಗಡಿಯಿಂದ ನೀವೇ ತಂದು ನುಂಗುವ ಮಾತ್ರೆಯಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಬಿಪಿ, ಕಣ್ಣೆದುರು ಮಿಂಚು ಬಂದು ಶುರುವಾಗುವ ಮೈಗ್ರೇನ್, 35 ದಾಟಿದ ಮೇಲೂ ಸಿಗರೇಟು, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಬೇಕು.

ಮೆಟ್‌ಫಾರ್ಮಿನ್ ಬರೆದುಕೊಟ್ಟಾಗ 'ನನಗೆ ಸಕ್ಕರೆ ಕಾಯಿಲೆ ಇಲ್ಲವಲ್ಲ' ಎಂದು ಹಲವರು ಗಾಬರಿಯಾಗುತ್ತಾರೆ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲಿ ಎಂದು ಅದನ್ನು ಕೊಡುವುದು. ಮೊದಮೊದಲು ಹೊಟ್ಟೆ ತೊಳಸುವುದು, ಭೇದಿ ಆಗಬಹುದು. ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ, ಊಟದ ಜೊತೆ ತೆಗೆದುಕೊಂಡರೆ ಇದು ತಗ್ಗುತ್ತದೆ. ಬಹಳ ಕಾಲ ತೆಗೆದುಕೊಳ್ಳುವವರು ಬಿ12 ಪರೀಕ್ಷೆ ಮಾಡಿಸುತ್ತಿರಬೇಕು.

ಊಟ, ನಡಿಗೆ, ತೂಕ

'ತೂಕ ಇಳಿಸಿಕೊಂಡು ಬಾ, ಆಮೇಲೆ ನೋಡೋಣ' ಎಂಬ ಒಂದೇ ಮಾತಿನಿಂದ ಎಷ್ಟು ಜನ ಚಿಕಿತ್ಸೆಯಿಂದಲೇ ದೂರ ಉಳಿದಿದ್ದಾರೋ! ಇದು ಅನ್ಯಾಯ. ತೂಕ ಎಷ್ಟೇ ಇರಲಿ, ಚಿಕಿತ್ಸೆ ಇವತ್ತೇ ಶುರುವಾಗಬಹುದು. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ, ಅವರಲ್ಲೂ ಇನ್ಸುಲಿನ್ ತೊಂದರೆ ಇರಬಹುದು.

ಹಾಗೆಂದು ತೂಕ ಮುಖ್ಯವೇ ಅಲ್ಲ ಎಂದೂ ಹೇಳಲಾಗದು. ತೂಕ ಜಾಸ್ತಿ ಇರುವವರಲ್ಲಿ ಶೇ 5ರಿಂದ 10ರಷ್ಟು ಇಳಿದರೂ ಸಾಕು, ಹಲವರಿಗೆ ಮುಟ್ಟು ಸುಧಾರಿಸುತ್ತದೆ. 80 ಕಿಲೋ ಇರುವವರಿಗೆ ಅದು 4ರಿಂದ 8 ಕಿಲೋ. ಇದಕ್ಕೆಂದೇ ಒಂದು ವಿಶೇಷ ಡಯಟ್ ಇಲ್ಲ. ಒಂದು ಪದ್ಧತಿ ಇನ್ನೊಂದಕ್ಕಿಂತ ಮೇಲು ಎಂದು ಸಾಬೀತಾಗಿಲ್ಲ. ಅನ್ನ ಪೂರ್ತಿ ಬಿಡಿ, ಹಾಲು ಬಿಡಿ ಎನ್ನುವ ಸಲಹೆಗಳ ಬೆನ್ನು ಹತ್ತಬೇಡಿ. ತಟ್ಟೆಯಲ್ಲಿ ತರಕಾರಿ ಮತ್ತು ಬೇಳೆಕಾಳು ಜಾಸ್ತಿ ಇರಲಿ. ಪಾಲಿಶ್ ಮಾಡಿದ ಧಾನ್ಯದ ಬದಲು ಇಡಿ ಧಾನ್ಯ ಬರಲಿ. ಸಿಹಿ ಪಾನೀಯ ಕಡಿಮೆಯಾಗಲಿ. ಊಟ ಬಿಟ್ಟು, ಆಮೇಲೆ ಹಸಿವು ತಡೆಯದೆ ಸಿಕ್ಕಿದ್ದೆಲ್ಲ ತಿನ್ನುವ ಚಕ್ರಕ್ಕೆ ಸಿಕ್ಕಿಕೊಳ್ಳಬೇಡಿ. ವರ್ಷಗಟ್ಟಲೆ ನಡೆಸಿಕೊಂಡು ಹೋಗಬಲ್ಲ ಊಟವೇ ನಿಮಗೆ ಸರಿಯಾದ ಊಟ.

ವ್ಯಾಯಾಮ ವಾರಕ್ಕೆ ಕನಿಷ್ಠ 150 ನಿಮಿಷ ಬೇಕು. ಸ್ವಲ್ಪ ಏದುಸಿರು ಬರುವಷ್ಟು ಬಿರುಸಾದ ನಡಿಗೆ ಸಾಕು. ಅದರ ಜೊತೆ ವಾರದಲ್ಲಿ ಎರಡು ದಿನ ತೂಕ ಎತ್ತುವುದು, ಬಸ್ಕಿ ಹೊಡೆಯುವುದು ಹೀಗೆ ಸ್ನಾಯುಗಳಿಗೆ ಕೆಲಸ ಕೊಡಿ. ಸ್ನಾಯು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ತೂಕದ ಮುಳ್ಳು ಅಲುಗದಿದ್ದರೂ ವ್ಯಾಯಾಮ ವ್ಯರ್ಥವಲ್ಲ.

ಕೂದಲು, ಮೊಡವೆ

ಇಲ್ಲಿ ಬೇಕಿರುವುದು ತಾಳ್ಮೆ. ಗರ್ಭನಿರೋಧಕ ಮಾತ್ರೆಯಿಂದ ಮೊಡವೆ ತಗ್ಗಲು ಕೆಲವು ತಿಂಗಳು ಬೇಕು. ಕೂದಲಿಗೆ ಕನಿಷ್ಠ 6 ತಿಂಗಳು. ಒಂದೇ ತಿಂಗಳಲ್ಲಿ ಫಲ ಕಾಣಲಿಲ್ಲ ಎಂದು ಮಾತ್ರೆ ಬಿಡುವವರು ಫಲ ಸಿಗುವ ಮೊದಲೇ ಬಿಟ್ಟಂತೆ. ಆರು ತಿಂಗಳಲ್ಲೂ ಸಾಲದಿದ್ದರೆ ಆಂಡ್ರೊಜನ್ ಕೆಲಸವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್‌ನಂಥ ಔಷಧಿ ಸೇರಿಸುತ್ತಾರೆ. ಅದು ಗರ್ಭದಲ್ಲಿರುವ ಗಂಡುಮಗುವಿಗೆ ತೊಂದರೆ ಮಾಡಬಹುದು. ಅದಕ್ಕೇ ಅದನ್ನು ತೆಗೆದುಕೊಳ್ಳುವಾಗ ಗರ್ಭನಿರೋಧಕ ಕಡ್ಡಾಯ.

ಈಗಾಗಲೇ ಬಂದ ದಪ್ಪ ಕೂದಲನ್ನು ಮಾತ್ರೆ ಉದುರಿಸುವುದಿಲ್ಲ, ಅದನ್ನು ತೆಗೆಸಬೇಕು. ಶೇವ್ ಮಾಡಿದರೆ ಕೂದಲು ದಪ್ಪವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಲೇಸರ್‌ನಿಂದ ಬಹಳ ಕಾಲದ ಪರಿಹಾರ ಸಿಗುತ್ತದೆ, ಆದರೆ ಹಲವು ಸಲ ಮಾಡಿಸಬೇಕು. ಚರ್ಮದ ಬಣ್ಣ ನೋಡಿ ಯಂತ್ರ ಆರಿಸಬಲ್ಲ ಅನುಭವಿಗಳ ಬಳಿಯೇ ಮಾಡಿಸಿ.

ಮನಸ್ಸನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿ

ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ. ಕನ್ನಡಿ ನೋಡಲು ಬೇಸರ, ಜನರ ನಡುವೆ ಹೋಗಲು ಹಿಂಜರಿಕೆ, ಊಟ ಕಂಡರೆ ಅಪರಾಧಭಾವ, ಇವನ್ನು 'ಸುಮ್ನೆ ಯೋಚನೆ ಮಾಡ್ತೀಯ' ಎಂದು ತಳ್ಳಿಹಾಕಬಾರದು. ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಮನೆಯವರೂ ಅವಳ ತೂಕದ ಬಗ್ಗೆ, ಮುಖದ ಬಗ್ಗೆ ಮಾತಾಡುವುದನ್ನು ನಿಲ್ಲಿಸಿದರೆ ಅದೇ ದೊಡ್ಡ ಸಹಾಯ. ರಾತ್ರಿ ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಅದನ್ನೂ ತಿಳಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವರಲ್ಲಿ ಹೆಚ್ಚು.

ಮಗು ಬೇಕೆಂದಾಗ

ಪಿಸಿಓಎಸ್ ಎಂದರೆ ಬಂಜೆತನವಲ್ಲ. ಬಹುಪಾಲು ಮಂದಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಸ್ವಲ್ಪ ನೆರವು ಬೇಕಾಗುತ್ತದೆ. ಅಂಡಾಣು ಬಿಡುಗಡೆ ಮಾಡಿಸಲು ಲೆಟ್ರೊಜೋಲ್ ಮಾತ್ರೆಯನ್ನು ಈಗ ಮೊದಲು ಕೊಡುತ್ತಾರೆ. ಮುಟ್ಟು ಅನಿಯಮಿತ ಇರುವವರು ವರ್ಷವಿಡೀ ಕಾದು ನೋಡುವ ಅಗತ್ಯವಿಲ್ಲ, ಬೇಗನೆ ಸಲಹೆ ಪಡೆಯಿರಿ. ಅಂಡಾಣು ಬಿಡುಗಡೆಯ ದಿನ ತಿಳಿಸುವ ಕಿಟ್‌ಗಳನ್ನು ಪೂರ್ತಿ ನಂಬಬೇಡಿ. ಅವು ಅಳೆಯುವುದು ಅಂಡಾಣು ಬಿಡುಗಡೆಗೆ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು, ಪಿಸಿಓಎಸ್ ಇರುವ ಹಲವರಲ್ಲಿ ಅದು ಮೊದಲೇ ಏರಿರುತ್ತದೆ. ಗರ್ಭಿಣಿಯಾದ ಮೇಲೆ ಸಕ್ಕರೆ, ಬಿಪಿ ಬರುವ ಸಾಧ್ಯತೆ ಜಾಸ್ತಿ. ಶುರುವಿನಲ್ಲೇ ಪಿಸಿಓಎಸ್ ಇರುವುದನ್ನು ತಿಳಿಸಿ.

ಮಗು ಬೇಡ ಎನ್ನುವವರಿಗೂ ಒಂದು ಎಚ್ಚರಿಕೆ ಇದೆ. ಮುಟ್ಟು ಸರಿಯಿಲ್ಲ, ಹಾಗಾಗಿ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳಬೇಡಿ. ಅಂಡಾಣು ಯಾವಾಗ ಬೇಕಾದರೂ ಬಿಡುಗಡೆಯಾಗಬಹುದು.

ಮುಂದಿನ ತಪಾಸಣೆ

ಬಿಪಿಯನ್ನು ವರ್ಷಕ್ಕೊಮ್ಮೆ ನೋಡಿಸಿ. ಸಕ್ಕರೆ ಪರೀಕ್ಷೆ ನಿಮ್ಮ ಅಪಾಯಕ್ಕೆ ತಕ್ಕಂತೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಬೇಕು. ವಯಸ್ಸಾದಂತೆ ಕೆಲವರ ಮುಟ್ಟು ತಾನಾಗೇ ನಿಯಮಿತವಾಗುತ್ತದೆ. ಆಗ 'ಪಿಸಿಓಎಸ್ ಹೋಯಿತು' ಎಂದು ತಪಾಸಣೆ ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಯ ಅಪಾಯ ಮಾತ್ರ ಮುಟ್ಟು ಸರಿಯಾದ ಮೇಲೂ, ಪೂರ್ತಿ ನಿಂತ ಮೇಲೂ ಇರುತ್ತದೆ. ಹಾಗಾಗಿ ಐವತ್ತರ ನಂತರವೂ ಹೊಸ ವೈದ್ಯರನ್ನು ಕಂಡಾಗ ಹಿಂದೆ ಪಿಸಿಓಎಸ್ ಇತ್ತು ಎಂದು ಹೇಳಿ.